ರೈಲು ಹೊತ್ತ ಲಾಂಚು: ರೋಮ್‌ನಿಂದ ಮೆಸ್ಸೀನಾಕ್ಕೆ

ಲಾಂಚಿಗೆ ಕಾಯುವ ವಿಷಯದಲ್ಲಿ ನನಗೆ ಇಪ್ಪತ್ತೆರಡು ವರ್ಷಗಳ ಸೇವಾನುಭವವಿದೆ. ಸಾಗರದಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಬಂದು, ಶರಾವತಿ ಹಿನ್ನೀರು ದಾಟಿ, ತುಮರಿ ಕಡೆಯ ಶಾಲೆಯಲ್ಲಿ ಪಾಠ ಮಾಡಿ, ಸಂಜೆಯ ಕೊನೆಯ ಲಾಂಚ್ ತಪ್ಪಿದ ದಿನ ಯಾರದಾದರೂ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದವನು ನಾನು. ಹಾಗಾಗಿ ರೋಮ್‌ನಲ್ಲಿ ಸಂಶೋಧನೆ ಮಾಡುತ್ತಿರುವ ಮಗಳು, ‘ಅಪ್ಪಯ್ಯ, ಸಿಸಿಲಿ ದ್ವೀಪಕ್ಕೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ರೈಲಿನಲ್ಲಿ ಹೋದರೆ ಇಡೀ ರಾತ್ರಿ ಬೇಕು. ಆದರೆ ರೈಲನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ’ ಎಂದಾಗ ಎರಡನೆಯ ಮಾತಿಗೆ ಅವಕಾಶವಿರಲಿಲ್ಲ. ನಮ್ಮ ಲಾಂಚಿಗೆ ಬಸ್ಸು ಹತ್ತುವುದನ್ನೇ ಬೆಂಗಳೂರಿನ ನೆಂಟರು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ರೈಲು ಹತ್ತುವುದನ್ನು ನೋಡದೆ ನಾನು ಊರಿಗೆ ಮರಳುವುದು ಹೇಗೆ?

ಹೋದದ್ದು ಕಳೆದ ನವೆಂಬರ್ ನಡುವಿನಲ್ಲಿ. ನಾನು, ನಮ್ಮ ಮನೆಯಾಕೆ, ಮಗಳು.

ಟಿಕೆಟ್ಟಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ನಾವು ಮೋಸ ಹೋದೆವು. ಅವಸರದಲ್ಲಿ ಒಂದು ಆನ್‌ಲೈನ್ ಏಜೆನ್ಸಿಯ ಮೂಲಕ ಕಾಯ್ದಿರಿಸಿದೆವು. ರೈಲಿಗೆ ಒಂದು, ‘ಸಮುದ್ರ ದಾಟಲು’ ಇನ್ನೊಂದು ಎಂದು ಎರಡು ಟಿಕೆಟ್ ಮಾರಿದರು. ಎರಡನೆಯದು ಬೇಕಾಗಿಯೇ ಇರಲಿಲ್ಲ. ನಮ್ಮ ಬೋಗಿ ಹಡಗಿನೊಳಕ್ಕೆ ಹೋಗುವಾಗ ನಾವೂ ಅದರೊಳಗೇ ಇರುತ್ತೇವೆ. ರೈಲಿನ ಟಿಕೆಟ್ಟಿನಲ್ಲಿಯೇ ಸಮುದ್ರದ ಬಾಡಿಗೆ ಸೇರಿದೆ. ದುಡ್ಡು ವಾಪಸು ಕೇಳಿ ಮಗಳು ಮೂರು ಪತ್ರ ಬರೆದಳು. ಮೂರಕ್ಕೂ ಒಂದೇ ಉತ್ತರ ಬಂತು, ಅದೂ ಯಂತ್ರ ಬರೆದದ್ದು. ನೀವು ಹೋಗುವುದಾದರೆ ರೋಮ್‌ನಿಂದ ಸಿಸಿಲಿಯ ದಡದ ಊರು ಮೆಸ್ಸೀನಾದ ತನಕ ಒಂದೇ ಟಿಕೆಟ್ ಕೊಳ್ಳಿ, ಯಾರೇ ಏನೇ ಹೇಳಲಿ.

ರಾತ್ರಿ ಹನ್ನೊಂದರ ಸುಮಾರಿಗೆ ರೋಮಾ ತೆರ್ಮಿನಿ ನಿಲ್ದಾಣದಿಂದ ಹೊರಟೆವು. ನಾಲ್ಕು ಬರ್ತಿನ ಕೋಣೆ. ಹೆಂಗಸರಿಗೇ ಮೀಸಲಾದ ಕೋಣೆಗಳೂ ಇವೆ, ಒಂಟಿಯಾಗಿ ಹೋಗುವವರು ಕೇಳಿ ಪಡೆಯಬಹುದು. ನಾವು ಮೂವರು, ನಾಲ್ಕನೆಯವರು ಮಗನ ಮನೆಯಿಂದ ಊರಿಗೆ ಮರಳುತ್ತಿದ್ದ ಮೆಸ್ಸೀನಾದ ಒಬ್ಬ ಹಿರಿಯ ಹೆಂಗಸು. ಅವರಿಗೂ ನಮಗೂ ನಡುವೆ ಮಗಳ ಇಟಾಲಿಯನ್ನೇ ಸಂಕ. ನಮ್ಮಾಕೆ ಕೊಟ್ಟ ಚಕ್ಕುಲಿಯನ್ನು ಅವರು ಮೂಸಿ ನೋಡಿ, ಮುರಿದು, ಎರಡು ತಿಂದು, ಇನ್ನೆರಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಹಾಸಿಗೆ, ಹೊದಿಕೆ ಚೆನ್ನಾಗಿದ್ದವು. ಮೇಲಿನ ಬರ್ತಿಗೆ ಹತ್ತುವ ಏಣಿ ಅರವತ್ತು ದಾಟಿದವರ ಮಂಡಿಗೆ ಹೇಳಿಸಿದ್ದಲ್ಲ. ಸಲೆರ್ನೊ ದಾಟಿದ್ದು ನೆನಪಿದೆ, ಆಮೇಲೆ ನಿದ್ದೆ.

ಎಚ್ಚರವಾದದ್ದು ಒಂದು ಜಗ್ಗಿಗೆ. ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿತ್ತು. ರೈಲು ನಿಂತಿತ್ತು, ಕೋಣೆಯ ದೀಪ ಮಂಕಾಗಿತ್ತು, ಗಾಳಿ ಬೀಸುವ ಸದ್ದು ಅಡಗಿತ್ತು. ಕಿಟಕಿಯಾಚೆ ಹಳದಿ ದೀಪಗಳ ಸಾಲು, ಒಂದು ಫಲಕ: ವಿಲ್ಲಾ ಸಾನ್ ಜೊವಾನ್ನಿ. ಇಟಲಿಯ ಬೂಟಿನ ಹೆಬ್ಬೆರಳು ಇರುವ ಜಾಗ ಇದು. ಸಿಸಿಲಿಗೆ ಹೋಗುವ ರೈಲಿಗೆ ಮುಖ್ಯಭೂಮಿಯ ಹಳಿ ಇಲ್ಲಿಗೆ ಮುಗಿಯುತ್ತದೆ.

ಈ ಘಟ್ಟದಲ್ಲಿ ನನ್ನ ಒಂದೇ ಸಲಹೆ: ಮಲಗಬೇಡಿ. ನಮ್ಮ ಬೋಗಿಯಲ್ಲಿ ಬಹುತೇಕರು ಮಲಗಿಯೇ ಇದ್ದರು. ಊಟಕ್ಕೆ ಬಂದು ಎಲೆಯ ಮುಂದೆ ತೂಕಡಿಸುವವರ ಜಾತಿ. ಪ್ರಯಾಣದ ಸಾರವೆಲ್ಲ ಇರುವುದು ಮುಂದಿನ ಒಂದು ಗಂಟೆಯಲ್ಲಿ.

ನಡೆಯುವುದಿಷ್ಟು. ರಾತ್ರಿಯಿಡೀ ಎಳೆದು ತಂದ ವಿದ್ಯುತ್ ಎಂಜಿನನ್ನು ಬಿಚ್ಚುತ್ತಾರೆ. ಅದಕ್ಕೇ ದೀಪ ಮಂಕಾದದ್ದು. ಡೀಸೆಲ್ಲಿನ ಶಂಟಿಂಗ್ ಎಂಜಿನ್ ಬಂದು ಕಚ್ಚಿಕೊಳ್ಳುತ್ತದೆ. ಇಡೀ ರೈಲು ಉದ್ದಕ್ಕೆ ಹಡಗಿನಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಅದನ್ನು ತುಂಡು ಮಾಡಿ, ಹಡಗಿನ ಹೊಟ್ಟೆಯಲ್ಲಿರುವ ನಾಲ್ಕು ಜೊತೆ ಹಳಿಗಳ ಮೇಲೆ ಅಕ್ಕಪಕ್ಕ ಜೋಡಿಸುತ್ತಾರೆ. ನಾನು ಕಾರಿಡಾರಿನ ಕಿಟಕಿಗೆ ಮುಖ ಒತ್ತಿ ನಿಂತೆ. ಹಡಗು ತನ್ನ ಮೂತಿಯನ್ನು ಮೇಲಕ್ಕೆತ್ತಿ ಬಾಯಿ ತೆರೆದು ನಿಂತಿತ್ತು, ಒಳಗೆಲ್ಲ ಬಿಳಿ ಬೆಳಕು. ದಡದ ಹಳಿ ಒಂದು ಉಕ್ಕಿನ ಸೇತುವೆಯ ಮೇಲೆ ಹಾದು ಆ ಬಾಯೊಳಗೆ ಹೋಗುತ್ತದೆ. ದಡ ಅಲುಗುವುದಿಲ್ಲ, ಹಡಗು ಉಸಿರಾಡುತ್ತಲೇ ಇರುತ್ತದೆ. ಆ ಎರಡರ ಹಳಿಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಕೂಡಬೇಕು. ನಮ್ಮ ಲಾಂಚಿನಲ್ಲಿ ದಡಕ್ಕೂ ಡೆಕ್ಕಿಗೂ ನಡುವೆ ಒಂದು ಗೇಣು ಅಂತರವಿದ್ದರೂ ಬಸ್ಸಿನ ಚಕ್ರ ಧಡಕ್ಕೆಂದು ದಾಟಿಬಿಡುತ್ತಿತ್ತು. ರೈಲಿಗೆ ಆ ಸ್ವಾತಂತ್ರ್ಯವಿಲ್ಲ.

ಕಿತ್ತಳೆ ಬಣ್ಣದ ಕೋಟು ತೊಟ್ಟ ಒಬ್ಬ ಮನುಷ್ಯ, ಐವತ್ತರ ಆಸುಪಾಸು, ಬೋಗಿಯ ಪಕ್ಕದಲ್ಲಿ ಅದರದೇ ವೇಗಕ್ಕೆ ಹಿಂದುಹಿಂದಾಗಿ ನಡೆಯುತ್ತಿದ್ದ. ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದು ಕೈ ಗಾಳಿಯಲ್ಲಿ. ಐದು ಬೆರಳು, ಮೂರು, ಎರಡು, ಮುಷ್ಟಿ. ಮುಷ್ಟಿ ಮುಚ್ಚಿದ ಕ್ಷಣಕ್ಕೆ ಬೋಗಿ ನಿಂತಿತು. ಆಮೇಲೆ ಬಗ್ಗಿ ಚಕ್ರಕ್ಕೆ ಅಡೆ ಕೊಟ್ಟು, ಸರಪಳಿ ತೊಡಿಸಿ, ತಿರುಪು ಬಿಗಿದು, ಕೊನೆಗೆ ಸರಪಳಿಯನ್ನು ಬೂಟುಗಾಲಿನಿಂದ ಒಮ್ಮೆ ಒದ್ದು ನೋಡಿದ. ಅಲುಗಲಿಲ್ಲ. ತಲೆ ಎತ್ತಿದಾಗ ಕಿಟಕಿಯಲ್ಲಿ ನನ್ನನ್ನು ಕಂಡ. ಕೈ ಬೀಸಲಿಲ್ಲ, ಗಲ್ಲವನ್ನು ಇಷ್ಟೇ ಎತ್ತಿದ. ಹೊಳೆಬಾಗಿಲಿನಲ್ಲಿ ಹಗ್ಗ ಸುತ್ತುತ್ತಿದ್ದವನೂ ಮೇಷ್ಟರನ್ನು ಕಂಡಾಗ ಹೀಗೇ ಮಾಡುತ್ತಿದ್ದ. ಕೈ ಖಾಲಿ ಇರದವರ ನಮಸ್ಕಾರ ಅದು.

ಜೀವಮಾನವೆಲ್ಲ ಅಂಕ ಕೊಟ್ಟು ಅಭ್ಯಾಸವಾದವನು. ಈ ಕಟ್ಟುವ ಕೆಲಸಕ್ಕೆ ನೂರಕ್ಕೆ ತೊಂಬತ್ತೆಂಟು. ಉಳಿದ ಎರಡನ್ನು ಯಾರಿಗೂ ಕೊಟ್ಟ ರೂಢಿ ಇಲ್ಲ.

ಇಲ್ಲಿ ರೈಲನ್ನು ಹಡಗಿನ ಮೇಲೆ ದಾಟಿಸಲು ಶುರುವಾದದ್ದು 1899ರಲ್ಲಿ. ಆ ಕಾಲದ ಕೆಲಸವನ್ನು ಈಗಲೂ ಮನುಷ್ಯನ ಬೆರಳೆಣಿಕೆಯ ಮೇಲೆ ನಡೆಸುವುದನ್ನು ಕಂಡರೆ ನಗುವವರಿದ್ದಾರೆ. ಪಕ್ಕದಲ್ಲೇ ಕಾರು, ಲಾರಿಗಳ ಹಡಗುಗಳು ಇಪ್ಪತ್ತು ನಿಮಿಷದಲ್ಲಿ ಆಚೆ ದಡ ಮುಟ್ಟುತ್ತವೆ. ನಮಗೆ ಬಿಚ್ಚುವುದು, ಹತ್ತಿಸುವುದು, ದಾಟುವುದು, ಇಳಿಸುವುದು, ಮತ್ತೆ ಜೋಡಿಸುವುದು ಎಲ್ಲ ಸೇರಿ ಎರಡು ಗಂಟೆ ಹಿಡಿಯಿತು. ಮುಂದೆ ಇನ್ನೊಂದು ರೈಲೋ ಬಸ್ಸೋ ಹಿಡಿಯುವುದಿದ್ದರೆ ಈ ದಾರಿ ಬೇಡ. ವಿಲ್ಲಾದಲ್ಲಿ ಇಳಿದು ನಡೆದು ಬೇರೆ ಹಡಗು ಹತ್ತಿ. ಹಗಲಿನ ವೇಗದ ರೈಲುಗಳಲ್ಲಿ ಬರುವವರು ಮಾಡುವುದೂ ಅದನ್ನೇ.

ಬೋಗಿಯ ಬಾಗಿಲು ತೆರೆಯಿತು. ಹಡಗಿನೊಳಗೆ ಇಳಿಯುವಾಗ ಎಚ್ಚರ. ಪ್ಲಾಟ್‌ಫಾರ್ಮ್ ಇಲ್ಲ, ಮೆಟ್ಟಿಲು ಎತ್ತರ, ಎರಡು ಬೋಗಿಗಳ ನಡುವಿನ ಓಣಿ ಒಬ್ಬರು ನಡೆಯುವಷ್ಟೇ ಅಗಲ. ಕಬ್ಬಿಣ, ಗ್ರೀಸು, ಉಪ್ಪುನೀರು ಸೇರಿದ ವಾಸನೆ. ಅಕ್ಕಪಕ್ಕದಲ್ಲಿ ಕಿಟಕಿಯ ಪರದೆ ಎಳೆದು ಮಲಗಿದವರ ಸಾಲು. ಹಡಗಿನ ಹೊಟ್ಟೆಯಲ್ಲಿ ರೈಲು, ರೈಲಿನ ಹೊಟ್ಟೆಯಲ್ಲಿ ಗೊರಕೆ. ನಮ್ಮಾಕೆ ನನ್ನ ಅಂಗಿಯ ತುದಿ ಹಿಡಿದುಕೊಂಡು, ‘ಇವರೇ, ನಮ್ಮ ಡಬ್ಬಿಯ ನಂಬರು ನೋಡಿಟ್ಟುಕೊಳ್ಳಿ’ ಎಂದಳು. ಇದನ್ನು ಎಲ್ಲರಿಗೂ ಹೇಳುತ್ತೇನೆ. ಮೇಲಿನಿಂದ ಮರಳಿ ಬಂದಾಗ ನಾಲ್ಕು ಸಾಲೂ ಒಂದೇ ತರಹ ಕಾಣುತ್ತವೆ. ಮತ್ತೆ ಕೆಳಗಿಳಿಯುವ ಸಮಯದ ಘೋಷಣೆ ಇಂಜಿನ್ನಿನ ಸದ್ದಿನಲ್ಲಿ ನನಗಂತೂ ಕೇಳಿಸಲಿಲ್ಲ. ಮೆಸ್ಸೀನಾದ ಅಮ್ಮ ಇದ್ದದ್ದರಿಂದ ಬಚಾವಾದೆವು.

ಮೇಲಿನ ಡೆಕ್ಕಿಗೆ ಬಂದಾಗ ಹಡಗು ಹಿಂದಕ್ಕೆ ಸರಿದು ತಿರುಗಿಕೊಳ್ಳುತ್ತಿತ್ತು. ಹಿಂದೆ ಕಲಾಬ್ರಿಯಾದ ಗುಡ್ಡಗಳ ಅಂಚಿನಲ್ಲಿ ಬೆಳಕು ಹರಿಯುತ್ತಿತ್ತು, ಮುಂದೆ ಮೆಸ್ಸೀನಾದ ಬೀದಿದೀಪಗಳು ಇನ್ನೂ ಆರಿರಲಿಲ್ಲ. ಜಲಸಂಧಿಯ ಅತಿ ಕಿರಿದಾದ ಕಡೆ ಅಗಲ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ನೀರನ್ನು ನೋಡಿ. ಇದು ನಮ್ಮ ಹಿನ್ನೀರಿನಂತೆ ನಿಂತ ನೀರಲ್ಲ, ಸಮುದ್ರವೆಂಬ ಹೆಸರಿಟ್ಟುಕೊಂಡು ಹೊಳೆಯಂತೆ ಹರಿಯುತ್ತದೆ. ಉತ್ತರದ ತಿರ್ರೇನಿಯನ್ ಸಮುದ್ರಕ್ಕೂ ದಕ್ಷಿಣದ ಅಯೋನಿಯನ್ ಸಮುದ್ರಕ್ಕೂ ಭರತ ಇಳಿತದ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಸುಮಾರು ಆರು ಗಂಟೆಗೊಮ್ಮೆ ಹರಿವು ದಿಕ್ಕು ಬದಲಿಸುತ್ತದೆ. ನಡುನಡುವೆ ಎಣ್ಣೆ ಚೆಲ್ಲಿದಂತೆ ನುಣುಪಾದ ವೃತ್ತಗಳು, ಅವುಗಳ ಅಂಚಿನಲ್ಲಿ ಕುದಿಯುವ ಹಾಗೆ ಸಣ್ಣ ಅಲೆಗಳು. ಗ್ರೀಕರು ಇಲ್ಲಿ ಒಂದು ದಡದಲ್ಲಿ ಆರು ತಲೆಯ ಸ್ಕಿಲ್ಲಾಳನ್ನೂ ಇನ್ನೊಂದು ಕಡೆ ನೀರು ನುಂಗುವ ಕರಿಬ್ಡಿಸ್‌ಳನ್ನೂ ಕೂರಿಸಿದ್ದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಹಾಯಿದೋಣಿಯಲ್ಲಿ ಬಂದವನಿಗೆ ಹಾಗೆ ಕಂಡಿರಲೇಬೇಕು. ಹಡಗು ಮಾತ್ರ ಏನೂ ಆಗದವರಂತೆ ತುಸು ಓರೆಯಾಗಿ ಸಾಗಿತು.

ಉತ್ತರಕ್ಕೆ, ಎರಡೂ ದಡಗಳಲ್ಲಿ ಒಂದೊಂದು ಕೆಂಪು ಬಿಳಿ ಬಣ್ಣದ ಎತ್ತರದ ಉಕ್ಕಿನ ಗೋಪುರ. 1950ರ ದಶಕದಲ್ಲಿ ವಿದ್ಯುತ್ ತಂತಿ ದಾಟಿಸಲು ಕಟ್ಟಿದ್ದು, ಇನ್ನೂರು ಮೀಟರಿಗೂ ಮಿಕ್ಕ ಎತ್ತರ. ತಂತಿ ಬಿಚ್ಚಿ ದಶಕಗಳಾದವು, ಗೋಪುರಗಳು ಉಳಿದಿವೆ. ಆ ಅಮ್ಮ ಅವುಗಳ ಕಡೆ ಬೆರಳು ತೋರಿಸಿ, ‘ಕರೆಂಟು ದಾಟಿತು, ಜನ ದಾಟುವ ಸೇತುವೆ ಮಾತ್ರ ನಮ್ಮ ಅಜ್ಜಿಯ ಕಾಲದಿಂದಲೂ ಬರುತ್ತಲೇ ಇದೆ’ ಎಂದರು.

ಸೇತುವೆಯ ಮಾತು ಬಂದಾಗ ನನಗೂ ಬಾಯಿ ಬಂತು. 2025ರ ಆಗಸ್ಟ್‌ನಲ್ಲಿ ಇಟಲಿ ಸರ್ಕಾರ ಇಲ್ಲಿ 13.5 ಶತಕೋಟಿ ಯೂರೋ ವೆಚ್ಚದ ತೂಗುಸೇತುವೆಗೆ ಒಪ್ಪಿಗೆ ಕೊಟ್ಟಿತ್ತು. ಎರಡು ಗೋಪುರಗಳ ನಡುವೆ 3,300 ಮೀಟರ್, ಮಧ್ಯೆ ಒಂದು ಕಂಬವೂ ಇಲ್ಲ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಲೆಕ್ಕಪತ್ರ ನ್ಯಾಯಾಲಯ ಅದಕ್ಕೆ ಮುದ್ರೆ ಒತ್ತಲು ನಿರಾಕರಿಸಿತು. ನಾವು ಹೋದಾಗ ಊರಿಗೆ ಊರೇ ಅದನ್ನೇ ಮಾತಾಡುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ನಮ್ಮ ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದನ್ನು ಮಗಳ ಮೂಲಕ ಹೇಳಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗಿನಿಂದ ಕಾದದ್ದು ಎಂದೂ ಹೇಳಿದೆ. ಅಮ್ಮ ಕೇಳಿದರು: ‘ಈಗ ನಿಮಗೆ ದೋಣಿಯ ನೆನಪಾಗುತ್ತದೆಯೇ?’ ಆಗುತ್ತದೆ. ಆದರೆ ಸೇತುವೆ ಬೇಡವಾಗಿತ್ತು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಹೆರಿಗೆ ನೋವಿನಲ್ಲಿದ್ದ ಹೆಂಗಸನ್ನು ದಡದಲ್ಲಿ ಜೀಪಿನೊಳಗೆ ಕೂರಿಸಿಕೊಂಡು ಲಾಂಚಿನವನಿಗೆ ಕೂಗು ಹಾಕಿದ ಒಂದು ರಾತ್ರಿ ನನ್ನ ಲೆಕ್ಕದಲ್ಲಿದೆ. ದೋಣಿ ಚೆಂದ ಎನ್ನುವವರು ಸಾಮಾನ್ಯವಾಗಿ ರಿಟರ್ನ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡವರು. ಆವತ್ತು ನಾನೂ ಅವರಲ್ಲೊಬ್ಬ, ಅದನ್ನೂ ಹೇಳಿಬಿಡಬೇಕು.

ಡೆಕ್ಕಿನ ಬಾರಿನಲ್ಲಿ ಕಾಫಿ ಸಿಗುತ್ತದೆ, ಬೊಟ್ಟಿನಷ್ಟು ಕಪ್ಪಿನಲ್ಲಿ, ಗುಂಡಿಗೆ ನಡುಗುವಷ್ಟು ಗಟ್ಟಿ. ಈ ದಾಟುವಿಕೆಯಲ್ಲಿ ಅರಾಂಚೀನೊ ತಿನ್ನುವುದು ಇಲ್ಲಿನವರಿಗೆ ಒಂದು ವ್ರತವಿದ್ದಂತೆ. ಅನ್ನವನ್ನು ಉಂಡೆ ಕಟ್ಟಿ, ಹೊಟ್ಟೆಯಲ್ಲಿ ಹೂರಣವಿಟ್ಟು, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಇತ್ತ ಮೆಸ್ಸೀನಾ ಕಡೆ ಅದಕ್ಕೆ ಚೂಪು ತುದಿ, ಹೆಸರು ಗಂಡು: ಅರಾಂಚೀನೊ. ಅತ್ತ ಪಲೆರ್ಮೊದಲ್ಲಿ ದುಂಡಗೆ, ಹೆಸರು ಹೆಣ್ಣು: ಅರಾಂಚೀನಾ. ಈ ಒಂದು ಅಕ್ಷರಕ್ಕಾಗಿ ದ್ವೀಪದ ಎರಡು ತುದಿಯವರು ಜಗಳವಾಡುತ್ತಾರಂತೆ. ಹೂರಣ ಮಾತ್ರ ಒಂದರಲ್ಲಿ ಮಾಂಸ, ಇನ್ನೊಂದರಲ್ಲಿ ಬೆಣ್ಣೆ ಎಂದು ಹೇಳಿ ಒಳಗೆ ಹಂದಿಮಾಂಸದ ಚೂರು. ‘ಬರೀ ಬೆಣ್ಣೆಯದು’ ಎಂದು ನಂಬಿ ಕೊಳ್ಳುವ ಸಸ್ಯಾಹಾರಿಗಳು ಎರಡು ಸಲ ಕೇಳಿ. ನಮ್ಮ ಪಾಲಿಗೆ ಉಳಿದದ್ದು ಮತ್ತೆ ಚಕ್ಕುಲಿಯೇ. ಮೆಸ್ಸೀನಾ ಊರಿನೊಳಗೆ ಬದನೆಕಾಯಿ, ಟೊಮೆಟೊ ತುಂಬಿದ್ದು ಸಿಕ್ಕಿತು. ನಮ್ಮಾಕೆ ಒಂದನ್ನು ಪೂರ್ತಿ ತಿಂದು, ‘ಒಗ್ಗರಣೆ ಬಿದ್ದಿದ್ದರೆ ಇದನ್ನು ಮದುವೆ ಮನೆಯಲ್ಲಿ ಬಡಿಸಬಹುದಿತ್ತು’ ಎಂದಳು. ಅವಳ ಅಂಕಪಟ್ಟಿಯಲ್ಲಿ ಅದು ಪ್ರಥಮ ದರ್ಜೆ.

ಬಂದರಿನ ಬಾಯಲ್ಲಿ ಎಲ್ಲರೂ ಡೆಕ್ಕಿನ ಒಂದೇ ಪಕ್ಕಕ್ಕೆ ಬಂದರು. ಮೆಸ್ಸೀನಾದ ಬಂದರು ಕುಡುಗೋಲಿನ ಹಾಗೆ ಬಾಗಿದೆ. ಗ್ರೀಕರು ಊರಿಗೆ ಇಟ್ಟ ಹಳೆಯ ಹೆಸರು ಜಾಂಕ್ಲೆ, ಅರ್ಥವೂ ಕುಡುಗೋಲು. ಅದರ ತುದಿಯಲ್ಲಿ ಎತ್ತರದ ಕಂಬ, ಮೇಲೆ ಕೈ ಎತ್ತಿ ಹರಸುವ ಚಿನ್ನದ ಬಣ್ಣದ ಮೇರಿ. ‘ನಿಮ್ಮನ್ನೂ ನಿಮ್ಮ ಊರನ್ನೂ ಹರಸುತ್ತೇವೆ’ ಎಂದು ಕೆಳಗೆ ಕೋಟೆಯ ಗೋಡೆಯ ಮೇಲೆ ಹಡಗಿನಿಂದಲೇ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಲ್ಯಾಟಿನ್ ಬರಹ. ಮೇರಿ ಈ ಊರಿನವರಿಗೆ ಬರೆದಳೆಂದು ನಂಬುವ ಪತ್ರದ ಮಾತು ಅದು. 1934ರಲ್ಲಿ ಈ ಕಂಬ ನಿಂತಿತು. ಅದಕ್ಕೂ ಕಾಲು ಶತಮಾನದ ಹಿಂದೆ, 1908ರ ಡಿಸೆಂಬರ್ 28ರ ನಸುಕಿನಲ್ಲಿ ಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಸುನಾಮಿಯಲ್ಲಿ ಊರು ನೆಲಸಮವಾಗಿತ್ತು. ಹತ್ತಾರು ಸಾವಿರ ಜನ ಸತ್ತರು. ಅಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ನಮ್ಮಾಕೆ ಲಾಂಚಿನಲ್ಲಿ ಸಿಗಂದೂರು ಚೌಡಮ್ಮನ ದಿಕ್ಕಿಗೆ ಮುಗಿಯುತ್ತಿದ್ದಂತೆಯೇ ಕೈ ಮುಗಿದಳು. ಯಾವ ಅಮ್ಮನಿಗೆ ಎಂದು ನಾನು ಕೇಳಲಿಲ್ಲ.

ಮೆಸ್ಸೀನಾದಲ್ಲಿ ರೈಲು ಎರಡಾಗಿ ಒಂದು ಪಲೆರ್ಮೊಗೆ, ಇನ್ನೊಂದು ಸಿರಾಕುಸಾಕ್ಕೆ ಹೋಗುತ್ತದೆ. ತಪ್ಪು ಬೋಗಿಯಲ್ಲಿ ಕೂತರೆ ದ್ವೀಪದ ತಪ್ಪು ಮೂಲೆಗೆ ತಲುಪುತ್ತೀರಿ. ನಾವು ಅಲ್ಲೇ ಇಳಿದೆವು. ಊರಿನ ಬಗ್ಗೆ ಎರಡೇ ಮಾತು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮುಖ್ಯ ಚರ್ಚಿನ ಗಂಟೆಗೋಪುರದ ಎದುರು ನಿಲ್ಲಿ. ಸ್ಟ್ರಾಸ್‌ಬರ್ಗ್‌ನವರು 1933ರಲ್ಲಿ ಮಾಡಿಕೊಟ್ಟ ಗಡಿಯಾರದಲ್ಲಿ ಸಿಂಹ ಗರ್ಜಿಸುತ್ತದೆ, ಹುಂಜ ಕೂಗುತ್ತದೆ. ಇನ್ನೊಂದು, ಬೆಳಗಿನ ತಿಂಡಿಗೆ ಬನ್ನಿನ ಜೊತೆ ಕಾಫಿಯ ಗ್ರಾನೀತಾ, ಮೇಲೆ ಕೆನೆ. ಪುಡಿ ಮಂಜನ್ನು ನವೆಂಬರಿನ ಬೆಳಗ್ಗೆ ತಿನ್ನುವುದೇ ಎಂದು ಮೂಗು ಮುರಿದವಳು ಎರಡನೆಯದಕ್ಕೆ ಕೈ ಎತ್ತಿದಳು, ನಾನಲ್ಲ.

ಮರುದಿನ ವಾಪಸು ಬರುವಾಗ ಮಗಳಿಗೆ ಸಮಯವಿರಲಿಲ್ಲ. ಆದ್ದರಿಂದ ಬೇರೊಂದು ಕಂಪನಿಯ ವಾಹನದ ಹಡಗಿನಲ್ಲಿ, ಕಾಲ್ನಡಿಗೆಯ ಪ್ರಯಾಣಿಕರಾಗಿ. ತಲೆಗೆ ಮೂರು ಯೂರೋ ಕೂಡ ಇಲ್ಲ, ಇಪ್ಪತ್ತು ನಿಮಿಷ. ಹೊಗಳುವುದು ಇಲ್ಲಿಗೆ ಮುಗಿಯಿತು. ಲಾರಿಗಳು ಹತ್ತುವ ಅದೇ ಇಳಿಜಾರಿನಲ್ಲಿ, ಅವುಗಳ ಹೊಗೆ ಕುಡಿಯುತ್ತ, ಒಂದು ಹಳದಿ ಗೆರೆಯನ್ನು ನಂಬಿ ನಾವು ನಡೆಯಬೇಕು. ಲಿಫ್ಟಿಗೆ ಬೀಗ. ಕೆಟ್ಟಿದೆ ಎಂಬ ಚೀಟಿಯೂ ಇಲ್ಲ. ಗುಂಡಿ ಒತ್ತಿ ಐದು ನಿಮಿಷ ಕಾದ ಮೇಲೆ, ದಾರಿಯಲ್ಲಿ ಹೋಗುತ್ತಿದ್ದ ಸಿಬ್ಬಂದಿಯೊಬ್ಬ ಮೇಲಕ್ಕೆ ಬೆರಳು ತೋರಿಸಿ ಹೊರಟುಹೋದ. ಸೂಟ್‌ಕೇಸ್ ಹೊತ್ತು ಮೂರು ಅಂತಸ್ತಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಬಂದು ಕೂತು ಉಸಿರು ಬಿಡುವಷ್ಟರಲ್ಲಿ ಇಳಿಯಿರಿ ಎಂದರು. ಮಂಡಿನೋವಿನವರು, ಕೂಸಿನ ಗಾಡಿಯವರು ಹತ್ತುವ ಮೊದಲೇ ಲಿಫ್ಟ್ ಕೇಳಿ ತಿಳಿದುಕೊಳ್ಳಿ. ಲಿಫ್ಟ್ ಇಲ್ಲವಾದರೆ ಕೆಳಗೇ ನಿಲ್ಲಲು ಜಾಗ ಕೇಳಿ. ನಾವು ಕೇಳಲಿಲ್ಲ. ಅಂಕ ಮೂವತ್ತೈದು, ಅದೂ ಕಡಿಮೆ ದರಕ್ಕೆ ಕೃಪಾಂಕ ಸೇರಿಸಿ.

ವಿಲ್ಲಾದಲ್ಲಿ ರೋಮ್‌ನ ರೈಲಿಗೆ ನಲವತ್ತು ನಿಮಿಷವಿತ್ತು. ಮಗಳು ನೀರಿನ ಬಾಟಲಿ ತರಲು ಹೋದಳು. ನಾನು ಪ್ಲಾಟ್‌ಫಾರ್ಮಿನ ತುದಿಗೆ ನಡೆದೆ. ಅಲ್ಲಿಂದ ಹಡಗುಕಟ್ಟೆಯ ಹಳಿ ಕಾಣುತ್ತದೆ. ಒಂದು ಹಡಗು ಮೂತಿ ಎತ್ತಿಕೊಂಡು ನಿಂತಿತ್ತು, ನಾಲ್ಕು ಬೋಗಿಗಳು ಒಳಕ್ಕೆ ಸರಿಯುತ್ತಿದ್ದವು, ಕಿತ್ತಳೆ ಕೋಟಿನವನೊಬ್ಬ ಹಿಂದುಹಿಂದಾಗಿ ನಡೆಯುತ್ತಿದ್ದ. ಅದೇ ಮನುಷ್ಯನೋ ಬೇರೆಯವನೋ, ಅಷ್ಟು ದೂರದಿಂದ ಗುರುತು ಹತ್ತಲಿಲ್ಲ. ಐದು ಬೆರಳು. ಮೂರು.

‘ಇವರೇ,’ ಹಿಂದಿನಿಂದ ನಮ್ಮಾಕೆಯ ದನಿ, ‘ನಮ್ಮ ರೈಲು ಆಚೆ ಪ್ಲಾಟ್‌ಫಾರ್ಮಿಗೆ ಬರುತ್ತದಂತೆ. ಮತ್ತೆ ಮೆಟ್ಟಿಲು.’